ಬನಿಯನ್ ಬ್ಯಾಂಕಿನ ಯೂರೋಪ್ ಶಾಖೆ

ಊರಿಗೆ ವಾಪಸ್ ಬಂದಾಯಿತು, ತಂದ ಚಾಕಲೇಟು ಹಂಚಿಯೂ ಆಯಿತು. ಆದರೆ ಮನೆಯಲ್ಲಿ ಪಿನ್ನು ಸಿಗುವುದು ಮಾತ್ರ ನಿಂತಿಲ್ಲ. ಇವತ್ತು ಬೆಳಗ್ಗೆ ಬಟ್ಟೆ ಒಣಹಾಕುವಾಗ ಇವರ ಬನಿಯನ್ನಿನ ಒಳಗಿನಿಂದ ಒಂದು ಸೇಫ್ಟಿ ಪಿನ್ನು ಸೀದಾ ನನ್ನ ಹೆಬ್ಬೆರಳಿಗೆ ಇಳಿಯಿತು. ನಾನು ಕಿರುಚಿದ್ದು ಕೇಳಿ ಓಡಿ ಬಂದ ಇವರು ಮೊದಲು ಬನಿಯನ್ ಕಿತ್ತುಕೊಂಡು, "ಅದರೊಳಗೆ ಇಪ್ಪತ್ತು ಯೂರೋ ಇರಬೇಕು ನೋಡು" ಅಂದರು. ಇತ್ತು. ವಾಷಿಂಗ್ ಮಷೀನಿನಲ್ಲಿ ಮಿಂದು, ಹಿಂಡಿಸಿಕೊಂಡು ಶುಭ್ರವಾಗಿತ್ತು. ಇವರಿಗೆ ಎಂಥ ಖುಷಿ! ಬೆರಳಿಗೆ ಡೆಟಾಲ್ ನಾನೇ ಹಚ್ಚಿಕೊಂಡೆ.

ಪ್ಯಾರಿಸ್, ರೋಮ್ ಸುತ್ತಿ ಬಂದೆವು, ಏನೂ ಕಳ್ಳತನವಾಗಲಿಲ್ಲ. ಇವರ ಬಾಯಲ್ಲಿ ಇಡೀ ಪ್ರವಾಸಕಥನ ಇಷ್ಟೇ. ಐಫೆಲ್ ಟವರ್ ಹೇಗಿತ್ತು ಅಂತ ಯಾರಾದರೂ ಕೇಳಿದರೆ "ಎತ್ತರವಾಗಿತ್ತು" ಅನ್ನುತ್ತಾರೆ. ಅದರ ಕೆಳಗೆ ಅನುಮಾನ ಬರುವ ಹಾಗೆ ನಿಂತಿದ್ದವರು ಎಷ್ಟು ಮಂದಿ, ಯಾರ ಕೈಯಲ್ಲಿ ಏನಿತ್ತು, ಯಾರ ಜಾಕೆಟ್ ಯಾವ ಬಣ್ಣ, ಎಲ್ಲ ಬಾಯಿಪಾಠ. ನನ್ನ ಫೋಟೋಗಳಲ್ಲಿ ಇವರು ಎಲ್ಲೂ ಕ್ಯಾಮೆರಾ ನೋಡಿಲ್ಲ. ಎಲ್ಲದರಲ್ಲೂ ಚೀಲ ಎದೆಗೆ ಅವುಚಿಕೊಂಡು ಬಲಕ್ಕೋ ಎಡಕ್ಕೋ ದುರುಗುಟ್ಟುತ್ತಿದ್ದಾರೆ.

ಇದಕ್ಕೆಲ್ಲ ಮೂಲ ನಮ್ಮ ಕುಟುಂಬದ ವಾಟ್ಸಾಪ್ ಗುಂಪು. ವೀಸಾ ಬಂತು ಅಂತ ಒಂದು ಸಾಲು ಹಾಕಿದ್ದೇ ತಡ, ಅಭಿನಂದನೆ ಒಂದೂ ಬರಲಿಲ್ಲ, ಎಚ್ಚರಿಕೆಗಳು ಸಾಲುಗಟ್ಟಿದವು. ಕಾಶಿಯಿಂದ ಆಚೆಗೆ ಕಾಲಿಡದ ದೊಡ್ಡಪ್ಪ, ಇಸ್ತಾಂಬುಲ್‌ನಲ್ಲಿ ಬೂಟ್ ಪಾಲಿಷ್‌ನವನು ಬೇಕೆಂದೇ ಬ್ರಷ್ ಬೀಳಿಸಿ ಹೋಗುತ್ತಾನೆ, ಎತ್ತಿಕೊಡಬೇಡಿ ಅಂತ ಬರೆದರು. ಎತ್ತಿಕೊಟ್ಟರೆ ಉಪಕಾರಕ್ಕೆ ಪ್ರತಿಯಾಗಿ ಅಂತ ನಿಮ್ಮ ಬೂಟು ಹಿಡಿದುಕೊಂಡು ತಿಕ್ಕಿ, ಕೊನೆಗೆ ದುಡ್ಡು ಕೀಳುತ್ತಾನಂತೆ. ನಾವು ಇಸ್ತಾಂಬುಲ್‌ಗೆ ಹೋಗುತ್ತಿಲ್ಲ ಅಂದದ್ದಕ್ಕೆ "ಎಲ್ಲಾ ಕಡೆ ಬ್ರಷ್ ಇದ್ದೇ ಇರುತ್ತೆ" ಅಂತ ಉತ್ತರ. ನನ್ನ ನಾದಿನಿಯಂತೂ ಅಧಿಕಾರವಾಣಿ. ಬಾರ್ಸಿಲೋನಾದ ಲಾ ರಾಂಬ್ಲಾ ಬೀದಿಯಲ್ಲಿ ಅವರ ಹೆಗಲ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆ ಅಂತ ಯಾರೋ ಗಂಡ ಹೆಂಡತಿ ಟಿಶ್ಯೂ ಹಿಡಿದು ಬಂದು, ಒಬ್ಬರು ಅಕ್ಕರೆಯಿಂದ ಒರೆಸುತ್ತಿದ್ದಾಗ ಇನ್ನೊಬ್ಬರು ಪರ್ಸ್ ಎತ್ತಿದ್ದರು. ಹಿಕ್ಕೆ ಹಕ್ಕಿಯದೇ ಆಗಿರಲಿಲ್ಲ, ಸಾಸಿವೆ ಗೊಜ್ಜು ಚಿಮ್ಮಿಸಿದ್ದು. ಆ ಪರ್ಸಿನ ಕಥೆ ನಮ್ಮ ಮನೆತನದ ಒಂದು ಮದುವೆಯಲ್ಲೂ ತಪ್ಪಿಲ್ಲ. ಧಾರೆ ಮುಗಿದು ಊಟಕ್ಕೆ ಎಲೆ ಹಾಕುವಷ್ಟರಲ್ಲಿ ನಾದಿನಿ ಬಾರ್ಸಿಲೋನಾ ತಲುಪಿರುತ್ತಾರೆ.

ಇವರು ಎಲ್ಲವನ್ನೂ ಪ್ರಿಂಟ್ ತೆಗೆಸಿ ಫೈಲ್ ಮಾಡಿದರು. ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್ ಜೆರಾಕ್ಸ್ ಸೆಟ್ಟುಗಳು ನನಗೊಂದು, ಮ್ಯೂನಿಕ್‌ನಲ್ಲಿರುವ ಮಗಳಿಗೊಂದು, ನಾದಿನಿಗೊಂದು, ಪಕ್ಕದ ಮನೆಯವರಿಗೊಂದು. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ನಮ್ಮ ರಾಯಭಾರ ಕಚೇರಿ, ಅಲ್ಲಿ ಊರಿಗೆ ಬರುವಷ್ಟಕ್ಕೆ ತುರ್ತು ಪ್ರಮಾಣಪತ್ರ, ತುರ್ತು ಕರೆಗೆ 112. ಇಷ್ಟನ್ನು ನನಗೆ ಒಪ್ಪಿಸಲು ಹೇಳಿ, ತಪ್ಪಿದರೆ ತಿದ್ದಿದರು. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ತಕರಾರು ಶುರುವಾದದ್ದು ದರ್ಜಿಯ ಅಂಗಡಿಯಲ್ಲಿ.

"ಬನಿಯನ್ನಿಗೆ ಜೇಬಾ ಸಾರ್?"

"ಹೂಂ. ಮೂರು. ಒಳಗಡೆ."

"ಒಳಗಡೆ ಅಂದ್ರೆ ತೆಗೆಯೋದು ಹೇಗೆ ಸಾರ್?"

"ತೆಗೆಯೋಕೆ ಆಗಬಾರದು. ಅದಕ್ಕೇ."

ದರ್ಜಿ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಪಾಸ್‌ಪೋರ್ಟಿಗೊಂದು, ನೋಟಿಗೊಂದು, ಕಾರ್ಡಿಗೊಂದು ಜೇಬು. ಪ್ರತಿ ಜೇಬಿನ ಬಾಯಿಗೆ ಎರಡೆರಡು ಪಿನ್ನು. ಅದರ ಮೇಲೆ ಅಂಗಿ, ಅಂಗಿಯ ಮೇಲೆ ನನ್ನ ಅಮ್ಮ ಹೆಣೆದ ಸ್ವೆಟರ್, ಸ್ವೆಟರ್ ಮೇಲೆ ಜಾಕೆಟ್. ಚಳಿಗಾಲ ಬೇರೆ. ಹೀಗೆ ಉದ್ಘಾಟನೆಯಾದ ಬ್ಯಾಂಕಿಗೆ ಹಣ ಕಟ್ಟುವ ಸಮಯವಿತ್ತೇ ಹೊರತು ತೆಗೆಯುವ ಸಮಯವಿರಲಿಲ್ಲ. ಒಂದು ಕಾಫಿ ಕುಡಿಯಬೇಕಾದರೂ ಇವರು ಹೋಟೆಲಿನ ಶೌಚಾಲಯಕ್ಕೆ ಹೋಗಿ ಬರಬೇಕು. ಇಟಲಿಯಲ್ಲಂತೂ ಕೌಂಟರಿನ ಹುಡುಗಿ ಕನಿಕರದಿಂದ ನನ್ನನ್ನು, "ನಿಮ್ಮ ಯಜಮಾನರಿಗೆ ಆರೋಗ್ಯ ಸರಿಯಿಲ್ಲವೇ?" ಅಂತ ಕೇಳಿದಳು. ಏನಂತ ಹೇಳಲಿ!

ಕಾರ್ಡಿನ ಕಥೆ ಇನ್ನೊಂದು. ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟನ್ನು ಬೇಕಾದಾಗ ತೆರೆದು ಬೇಡದಾಗ ಮುಚ್ಚುವ ಸೌಲಭ್ಯ ಇದೆಯಲ್ಲ, ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ಒಳ್ಳೆಯ ನಿಯಮ. ಅದನ್ನು ಮಾಡಿದವರು ನಮ್ಮೆಜಮಾನರನ್ನು ನೋಡಿರಲಿಲ್ಲ. ಇವರು ಒಂದು ನೀರಿನ ಬಾಟಲಿ ಕೊಂಡರೂ ತಕ್ಷಣ ಆ್ಯಪ್ ತೆಗೆದು ವಿದೇಶಿ ವಹಿವಾಟು ಬಂದ್ ಮಾಡುತ್ತಿದ್ದರು. ಮುಂದಿನ ಅಂಗಡಿಯಲ್ಲಿ ಕಾರ್ಡ್ ತಿರಸ್ಕೃತ. ಮತ್ತೆ ತೆರೆಯಲು ನೆಟ್ ಬೇಕು, ನೆಟ್ ಇದ್ದರೆ ಓಟಿಪಿ ಬೇಕು, ಓಟಿಪಿ ಬರುವುದು ಊರಿನ ಸಿಮ್‌ಗೆ, ಊರಿನ ಸಿಮ್ ಕಳೆದುಹೋಗಬಾರದೆಂದು ಫೋನಿನಿಂದ ಬಿಚ್ಚಿ ಬನಿಯನ್ನಿನ ಎರಡನೇ ಜೇಬಿನಲ್ಲಿ ಭದ್ರ.

ಮೋಂಮಾರ್ತ್ ಗುಡ್ಡದ ಸಾಕ್ರೆ ಕೇರ್ ಚರ್ಚಿನ ಬುಡದಲ್ಲಿ ಕೈಗೆ ದಾರ ಕಟ್ಟುವ ಹುಡುಗರು ನಿಂತಿರುತ್ತಾರೆ. ಮಾತಾಡಿಸುತ್ತ ನಿಮ್ಮ ಬೆರಳಿಗೆ ಬಣ್ಣದ ನೂಲು ಸಿಕ್ಕಿಸಿ ಚಕಚಕನೆ ಹೆಣೆದು, ಮಣಿಕಟ್ಟಿಗೆ ಬಿಗಿದು, ಆಮೇಲೆ ದುಡ್ಡು ಕೇಳುವುದು ಅವರ ಕಸುಬು. ಗೊತ್ತಿತ್ತು ನನಗೆ, ಫೈಲಿನಲ್ಲಿ ಎರಡನೇ ಪುಟ. ಆದರೆ ಬೆಟ್ಟದ ಮೇಲೆ ದೇವಸ್ಥಾನ, ಕೆಳಗೆ ದಾರ ಹಿಡಿದು ನಿಂತವರು ಅಂದರೆ ನಮ್ಮ ಹೆಂಗಸರ ಕೈ ತಾನಾಗಿ ಮುಂದೆ ಹೋಗುವುದಿಲ್ಲವೇ? ಇವರು ನನ್ನ ಕೈ ಹಿಡಿದೆಳೆದು ಕಂಕುಳಲ್ಲಿ ಇಟ್ಟುಕೋ ಅಂದರು. ತಾವೂ ಇಟ್ಟುಕೊಂಡರು. ಗುಡ್ಡ ಹತ್ತಿಸುವ ಪುಟ್ಟ ರೈಲಿನಲ್ಲಿ ನೂಕುನುಗ್ಗಲು, ಅಲ್ಲಿ ಕಳ್ಳರು ಜಾಸ್ತಿ ಅಂತ 222 ಮೆಟ್ಟಿಲನ್ನೂ ಹಾಗೇ ಹತ್ತಿದೆವು. ಕೈ ಬೀಸದೆ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಅಂತ ಮಂಡಿನೋವಿರುವವರು ಒಮ್ಮೆ ಪ್ರಯತ್ನಿಸಿ ನೋಡಿ. ಮೇಲೆ ಹೋದಾಗ ಇಡೀ ಪ್ಯಾರಿಸ್ ಕಣ್ಣ ಮುಂದೆ ಹರಡಿತ್ತು. ಇವರು ಅದಕ್ಕೆ ಬೆನ್ನು ಹಾಕಿ ನಿಂತು ನನ್ನ ಚೀಲದ ಜಿಪ್ಪು ಕಾಯುತ್ತಿದ್ದರು.

ಸೇನ್ ನದಿಯ ದಡದಲ್ಲಿ ಮಾತ್ರ ನನಗೊಂದು ಅವಕಾಶ ಸಿಕ್ಕಿತು. ಎದುರಿಗೆ ಬರುತ್ತಿದ್ದ ಹೆಂಗಸು ಥಟ್ಟನೆ ಬಗ್ಗಿ ನೆಲದಿಂದ ದಪ್ಪನೆಯ ಉಂಗುರ ಎತ್ತಿ, "ನಿಮ್ಮದಾ?" ಅಂತ ಕೈಸನ್ನೆ ಮಾಡಿದಳು. ಅಲ್ಲ ಅಂದರೆ ಇಟ್ಟುಕೊಳ್ಳಿ ಅಂತ ಕೊಟ್ಟು, ಎರಡು ಹೆಜ್ಜೆ ಹೋಗಿ ತಿರುಗಿ ಬಂದು ಊಟಕ್ಕೆ ಏನಾದರೂ ಕೊಡಿ ಅನ್ನುವುದು ಕ್ರಮ. ಇವರು ಎರಡೂ ಮೊಣಕೈ ಬನಿಯನ್ನಿಗೆ ಒತ್ತಿಕೊಂಡು ಕಲ್ಲಾಗಿ ನಿಂತರು. ನಾನು ಉಂಗುರ ತೆಗೆದುಕೊಂಡು ಅಂಗೈಯಲ್ಲಿ ಎರಡು ಸಲ ಕುಲುಕಿದೆ. ಒಳಗೆ 18 ಕೆ ಅಂತ ಮುದ್ರೆ ಬೇರೆ ಒತ್ತಿದ್ದರು. ಪ್ರತಿ ಅಕ್ಷಯ ತೃತೀಯಕ್ಕೆ ಅಂಗಡಿಯವನ ಜೊತೆ ಅರ್ಧ ಗ್ರಾಂ ವೇಸ್ಟೇಜಿಗೆ ಜಗಳವಾಡುವ ಹೆಂಗಸಿನ ಕೈಗಾ ಇದು! "ಹಿತ್ತಾಳೆ ಕಣಮ್ಮ" ಅಂತ ಕನ್ನಡದಲ್ಲೇ ಹೇಳಿ ವಾಪಸ್ ಕೊಟ್ಟೆ. ಅವಳಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ನಕ್ಕಳು. ನಾನೂ ನಕ್ಕೆ. ಅವಳು ಮುಂದಿನ ದಂಪತಿಯ ಕಡೆ ನಡೆದಳು. ನಿಜ ಹೇಳಬೇಕೆಂದರೆ ಇಡೀ ಪ್ಯಾರಿಸ್‌ನಲ್ಲಿ ನಾನು ಮನಸಾರೆ ನಕ್ಕು ಮಾತಾಡಿದ ಒಬ್ಬಳೇ ಒಬ್ಬಳು ಅವಳು.

ಲೂವ್ರ್ ಮ್ಯೂಸಿಯಮ್ಮಿಗೆ ಹೋದಾಗ ಇವರು ಗೆದ್ದ ಗತ್ತಿನಲ್ಲಿದ್ದರು. ಅಲ್ಲಿ 2013ರ ಏಪ್ರಿಲ್‌ನಲ್ಲಿ ಜೇಬುಗಳ್ಳರ ಕಾಟ ತಾಳಲಾರದೆ ಸಿಬ್ಬಂದಿಯೇ ಕೆಲಸ ನಿಲ್ಲಿಸಿ ಒಂದು ದಿನ ಬಾಗಿಲು ಮುಚ್ಚಿಸಿದ್ದರು. 2025ರ ಅಕ್ಟೋಬರ್ 19ರ ಬೆಳಗ್ಗೆಯಂತೂ ಕಳ್ಳರು, ಮನೆ ಸಾಮಾನು ಮೇಲಕ್ಕೇರಿಸುವ ಏಣಿ ಇದ್ದ ಲಾರಿ ತಂದು ನಿಲ್ಲಿಸಿ, ಮೊದಲ ಮಹಡಿಯ ಕಿಟಕಿಯಿಂದ ನುಗ್ಗಿ, ಎಂಟು ನಿಮಿಷವೂ ಆಗುವ ಮುಂಚೆ ರಾಜಮನೆತನದ ಒಡವೆ ಹೊತ್ತುಕೊಂಡು ಸ್ಕೂಟರ್ ಏರಿ ಹೋದರು. ಅವಸರದಲ್ಲಿ ಒಂದು ಕಿರೀಟ ಬೀಳಿಸಿಕೊಂಡೂ ಹೋದರು. "ನೋಡು, ಇಷ್ಟು ದೊಡ್ಡ ಅರಮನೆ, ಒಂದು ಪಿನ್ನು ಹಾಕೋ ಬುದ್ಧಿ ಇಲ್ಲ" ಅಂದರು ಇವರು. ಮೊನಾಲಿಸಾಳನ್ನೇ 1911ರಲ್ಲಿ ಅಲ್ಲಿ ಕೆಲಸ ಮಾಡಿದ್ದ ಇಟಲಿಯವನೊಬ್ಬ ಎತ್ತಿಕೊಂಡು ಹೋಗಿ ಎರಡು ವರ್ಷ ಬಚ್ಚಿಟ್ಟುಕೊಂಡಿದ್ದ ಅಂತ ನಾನೂ ಓದಿಕೊಂಡಿದ್ದೆ. ಹೇಳಲಿಲ್ಲ. ಹೇಳಿದ್ದರೆ ಮೊನಾಲಿಸಾಳನ್ನೂ ನೋಡಲು ಬಿಡದೆ ಅಲ್ಲಿನ ಸಿಬ್ಬಂದಿಯನ್ನು ಕಾಯಲು ನಿಲ್ಲುತ್ತಿದ್ದರು.

ಈಗ ಮೆಟ್ರೋ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವುದಕ್ಕೇ ಇಷ್ಟೆಲ್ಲ ಬರೆದದ್ದು.

ಪ್ಯಾರಿಸ್ ಮೆಟ್ರೋದಲ್ಲಿ ಜೇಬುಗಳ್ಳರಿದ್ದಾರೆ ಎಚ್ಚರಿಕೆ ಅಂತ ಧ್ವನಿವರ್ಧಕದಲ್ಲೇ ನಾಲ್ಕಾರು ಭಾಷೆಯಲ್ಲಿ ಕೂಗುತ್ತಾರೆ. ಪ್ರತಿ ಸಲ ಕೂಗಿದಾಗಲೂ ಇವರು ನನ್ನ ಕಡೆ ನೋಡಿ ತಲೆಯಾಡಿಸುತ್ತಾರೆ, ಆ ಪ್ರಕಟಣೆ ಬರೆದುಕೊಟ್ಟವರು ತಾವೇ ಅನ್ನುವ ಗತ್ತಿನಲ್ಲಿ. ಒಳಗೆ ಹೋಗಲು ಗೇಟಿದೆ. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವ ಹಾಗಿಲ್ಲ. ನನ್ನ ಕಾರ್ಡೂ ಇವರ ಹತ್ತಿರವೇ. ಆ ಗೇಟಿನಲ್ಲಿ ಕಳ್ಳರು ಬೆನ್ನಿಗೆ ಅಂಟಿಕೊಂಡು ನುಗ್ಗಿ ಜೇಬು ಕತ್ತರಿಸುತ್ತಾರೆ ಅಂತ ಫೈಲಿನಲ್ಲಿ ಇವರು ಕೆಂಪು ಗೆರೆ ಎಳೆದಿದ್ದರು. ಆ ದಿನ ಸಂಜೆ ಹಿಂದೆ ಯಾರೋ ಎತ್ತರದ ಹುಡುಗ ನಿಂತಿದ್ದ. ಪಾಪ, ಕಿವಿಗೆ ಹಾಡು ಸಿಕ್ಕಿಸಿಕೊಂಡು ತನ್ನ ಪಾಡಿಗಿದ್ದ. ಇವರು ಕಾರ್ಡ್ ತೋರಿಸಿ ಗೇಟ್ ತೆರೆದದ್ದೇ, "ಅಂಟಿಕೊಂಡು ಬಾರೇ, ಗ್ಯಾಪ್ ಕೊಡಬೇಡ!" ಅಂತ ನನ್ನ ತೋಳು ಹಿಡಿದು ಎಳೆದರು. ಇಬ್ಬರೂ ಒಂದೇ ಸಲಕ್ಕೆ ಒಳಗೆ. ಕಳ್ಳನಿಗೆ ಜಾಗವೇ ಸಿಗಲಿಲ್ಲ. ನನ್ನ ಕಾರ್ಡಿಗೂ ಸಿಗಲಿಲ್ಲ.

ಶಾತ್‌ಲೆ ನಿಲ್ದಾಣದಲ್ಲಿ ಗಾಡಿ ಬದಲಾಯಿಸಬೇಕು. ನೆಲದೊಳಗೆ ಮುಗಿಯದ ಓಣಿಗಳು. ಒಂದು ತಿರುವಿನಲ್ಲಿ ಸಮವಸ್ತ್ರದ ನಾಲ್ಕು ಜನ, ಇಬ್ಬರು ಗಂಡಸರು ಇಬ್ಬರು ಹೆಂಗಸರು, ಟಿಕೆಟ್ ತೋರಿಸಿ ಅಂದರು. ಇವರ ಕಣ್ಣು ಹೊಳೆಯಿತು. ಇಷ್ಟು ದಿನ ಕಾದದ್ದಕ್ಕೆ ಸಿಕ್ಕಿದ್ದರು! ನಕಲಿ ಪೊಲೀಸರು, ಪುಟ ಐದು.

"ಯಾವುದೇ ಕಾರಣಕ್ಕೂ ಪರ್ಸ್ ತೆಗೀಬೇಡ" ಅಂತ ನನಗೆ ಪಿಸುಗುಟ್ಟಿ, ಅವರಿಗೆ ಇಂಗ್ಲಿಷಿನಲ್ಲಿ, ಮೊದಲು ನಿಮ್ಮ ಗುರುತಿನ ಚೀಟಿ ತೋರಿಸಿ ಅಂದರು. ಅವರು ತೋರಿಸಿದರು. ಇವರು ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಫ್ರೆಂಚ್ ಓದಿದರು. ಫ್ರೆಂಚ್ ಬರುವುದಿಲ್ಲ. ಫೋಟೋಗೂ ಮುಖಕ್ಕೂ ತಾಳೆ ನೋಡಿದರು. "ಗಡ್ಡ ಇಲ್ಲ ಫೋಟೋದಲ್ಲಿ" ಅಂದರು ನನಗೆ. "ಬಿಟ್ಟಿರಬಹುದು ರೀ" ಅಂದೆ. "ಯೂನಿಫಾರ್ಮ್?" ಅಂದೆ. "ಯೂನಿಫಾರ್ಮ್ ಚಿಕ್ಕಪೇಟೆಯಲ್ಲಿ ಬಾಡಿಗೆಗೆ ಸಿಗುತ್ತೆ!" ಅಂದರು. ಅಷ್ಟು ಹೊತ್ತಿಗೆ ನಮ್ಮ ಹಿಂದೆ ಬಂದ ಇಪ್ಪತ್ತು ಮೂವತ್ತು ಜನ ಕಾರ್ಡ್ ತೋರಿಸಿ ಹೋಗಿದ್ದರು. ಆ ಹಾಡಿನ ಹುಡುಗನೂ ಹೋದ. ಹೋಗುವಾಗ ಕಿವಿಯಿಂದ ಒಂದು ತೆಗೆದು ಏನಾಗುತ್ತಿದೆ ಅಂತ ಕೇಳಿಸಿಕೊಂಡು ಹೋದ.

ಕೊನೆಗೆ ಗಡ್ಡದವನು ಇನ್ನೊಂದು ಸಮವಸ್ತ್ರವನ್ನು ಕರೆಯಲು ರೇಡಿಯೋ ಬಾಯಿಗಿಟ್ಟ ಮೇಲೆ ಇವರು ಒಪ್ಪಿದರು. ಒಪ್ಪಿದ ಮೇಲೆ ಶುರುವಾಯಿತು ನೋಡಿ. ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಸ್ವೆಟರ್ ತಲೆಯ ಮೇಲಿನಿಂದ ಎಳೆಯುವಾಗ ಕನ್ನಡಕ ಅದರೊಳಗೆ ಸಿಕ್ಕಿಕೊಂಡು, ತೋಳು ಮೇಲಕ್ಕೆ, ಮುಖ ಉಲ್ಲನ್ನಿನೊಳಗೆ, ಸ್ವಲ್ಪ ಹೊತ್ತು ಹಾಗೇ ನಿಂತರು. ತಪಾಸಣೆಯ ಹೆಂಗಸು ಗಾಬರಿಯಾಗಿ ಬೇಡ ಬೇಡ ಅಂತ ಕೈ ಮಾಡಿದಳು. ಒಳಗಿಂದ ಇವರು, "ಒನ್ ಮಿನಿಟ್, ಒನ್ ಮಿನಿಟ್." ಅಂಗಿಯ ಗುಂಡಿ ಒಂದು, ಎರಡು, ಮೂರು. ಈಗ ಬನಿಯನ್. ಪಿನ್ನು ಒಳಗಿನಿಂದ ಹಾಕಿದ್ದು, ಇವರ ಕೈ ಒಳಗೆ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. "ನೀನು ತೆಗಿ" ಅಂದರು. ಮದುವೆಯಾಗಿ ಇಷ್ಟು ವರ್ಷದ ಮೇಲೆ, ಪ್ಯಾರಿಸ್ ನಗರದಲ್ಲಿ, ಸರ್ಕಾರಿ ನೌಕರರ ಸಮ್ಮುಖದಲ್ಲಿ, ಗಂಡನ ಬನಿಯನ್ನಿನೊಳಗೆ ಕೈ ಹಾಕಿ ಪಿನ್ನು ತಡಕುವ ಸೌಭಾಗ್ಯ ನನ್ನದಾಯಿತು. ಮೊದಲ ಜೇಬಿನಿಂದ ಪಾಸ್‌ಪೋರ್ಟ್ ಬಂತು. ಎರಡನೆಯದರಿಂದ ಸಿಮ್ ಉದುರಿ ಓಣಿಯಲ್ಲಿ ಉರುಳಿತು, ಒಬ್ಬ ತಪಾಸಣೆಯವನು ಅದನ್ನು ಬೂಟಿನಿಂದ ತಡೆದು ಎತ್ತಿಕೊಟ್ಟ. ಇವರು ಅವನಿಗೂ ಥ್ಯಾಂಕ್ಸ್ ಹೇಳಲಿಲ್ಲ, ಬ್ರಷ್ ನೆನಪಾಗಿರಬೇಕು. ಮೂರನೆಯದರಲ್ಲಿ ಮೆಟ್ರೋ ಕಾರ್ಡುಗಳು. ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

ಆ ಹೆಂಗಸು ಎರಡು ಬೆರಳ ತುದಿಯಲ್ಲಿ ಕಾರ್ಡ್ ಹಿಡಿದು ಯಂತ್ರಕ್ಕೆ ತೋರಿಸಿದಳು. ಇವರದು ಸರಿ. ನನ್ನದು ಗೇಟಿಗೆ ತೋರಿಸಿಯೇ ಇಲ್ಲ.

ದಂಡ ಕಟ್ಟಲೇಬೇಕು. ಇವರು ಇನ್ನೊಮ್ಮೆ ಬನಿಯನ್ನಿಗೆ ಕೈ ಹಾಕುವುದರೊಳಗೆ ನಾನು ನನ್ನ ಹೆಗಲ ಚೀಲದ ಜಿಪ್ಪು ಎಳೆದು, ಮಗಳು ಕೊಡಿಸಿದ್ದ ಫಾರೆಕ್ಸ್ ಕಾರ್ಡ್ ತೆಗೆದು ಅವರ ಯಂತ್ರಕ್ಕೆ ತಾಗಿಸಿದೆ. ಎರಡು ಸೆಕೆಂಡು. ರಸೀದಿ ಕೊಟ್ಟರು. ಗಡ್ಡದವನು ಇವರ ಸ್ವೆಟರಿನ ಹಿಂದೆ ಮುಂದೆ ಸರಿಮಾಡಿ ತೊಡಿಸಿದ. ಆ ಕಡೆ ಹೋದ ಮೇಲೆ ಇವರು ಹೇಳಿದ್ದೇನು ಗೊತ್ತೇ? "ನಿನ್ನ ಚೀಲದ ಜಿಪ್ಪು ತೆರೆದೇ ಇದೆ."

ಆ ರಾತ್ರಿ ಹೋಟೆಲಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಇವರು ಮಂಚದ ತುದಿಯಲ್ಲಿ ಕೂತು ಬನಿಯನ್ ತೊಡೆಯ ಮೇಲೆ ಹರವಿಕೊಂಡು ಪಿನ್ನು ಹಾಕುತ್ತಿದ್ದರು. ಹಾಕುತ್ತಲೇ, ನನಗೆ ಅಂತಲೂ ಅಲ್ಲ, ಮೆಜೆಸ್ಟಿಕ್ ಕಥೆ ಹೇಳಿದರು. ಇಂಜಿನಿಯರಿಂಗ್ ಸೀಟಿಗೆ ಫೀಸು ಕಟ್ಟಲು ಹಾಸನದಿಂದ ಮಾವನವರ ಜೊತೆ ಬಂದಿದ್ದರಂತೆ. ಆಲೂಗಡ್ಡೆ ಮಾರಿದ ದುಡ್ಡು. ಬಸ್ಸಿಳಿದು ನೋಡಿದರೆ ಮಾವನವರ ಜುಬ್ಬಾದ ಪಕ್ಕದ ಜೇಬು ಬ್ಲೇಡಿನಲ್ಲಿ ಸೀಳಿತ್ತು. ಅವರು ಕೂಗಾಡಲಿಲ್ಲವಂತೆ. ಜೇಬಿನ ಸೀಳಿನಿಂದ ಎರಡು ಬೆರಳು ಆಚೆ ತೂರಿಸಿ, ಒಳಗೆ ಎಳೆದುಕೊಂಡು, ಮತ್ತೆ ತೂರಿಸಿ ನೋಡುತ್ತ ಬಹಳ ಹೊತ್ತು ಪ್ಲಾಟ್‌ಫಾರಂನಲ್ಲಿ ನಿಂತಿದ್ದರಂತೆ. ಫೀಸು ಹೇಗೋ ಹೊಂದಿಸಿದರು. ಆಮೇಲಿಂದ ಹಾಸ್ಟೆಲಿಗೆ ಹೊರಡುವಾಗಲೆಲ್ಲ ಅತ್ತೆಯವರು ಇವರ ಪ್ರತಿ ಬನಿಯನ್ನಿಗೂ ಒಳಜೇಬು ಹೊಲಿದು ಕಳಿಸುತ್ತಿದ್ದರು. ಈಗ ಅತ್ತೆ ಇಲ್ಲ, ಆದ್ದರಿಂದ ದರ್ಜಿ.

ಕೇಳಿ ನಾನು ಮೆತ್ತಗಾದೆ. ಬೆಳಗ್ಗೆ ಪಿನ್ನು ಸಾಲದು ಅಂತ ನನ್ನ ದುಪಟ್ಟಾಕ್ಕೆ ಹಾಕಿದ್ದ ಪಿನ್ನನ್ನೂ ಕಿತ್ತುಕೊಂಡಾಗ ಮತ್ತೆ ಗಟ್ಟಿಯಾದೆ.

ರೋಮ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೆರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸು ಜೇಬುಗಳ್ಳರಿಗೆ ಹೆಸರುವಾಸಿಯಾದ್ದರಿಂದ ನಾವು ನಡೆದೇ ಹೋದೆವು. ಟ್ರೆವಿ ಕಾರಂಜಿಗೆ ಬೆನ್ನು ಮಾಡಿ, ಬಲಗೈಯಿಂದ ಎಡಭುಜದ ಮೇಲೆ ನಾಣ್ಯ ಎಸೆದರೆ ರೋಮಿಗೆ ಮತ್ತೆ ಬರುತ್ತೀರಿ ಅಂತ ನಂಬಿಕೆ. ಅಲ್ಲಿ ಬೀಳುವ ನಾಣ್ಯಗಳು ಬಡವರ ಸೇವೆ ಮಾಡುವ ಕ್ಯಾಥೊಲಿಕ್ ಸಂಸ್ಥೆಗೆ ಹೋಗುತ್ತವೆ, ಒಳ್ಳೆಯ ಕೆಲಸ. ನಾನು ಎಸೆದೆ. ಇವರು ಎಸೆಯಲಿಲ್ಲ. ನಾಣ್ಯ ಪಿನ್ನಿನೊಳಗಿತ್ತು.

ಅಷ್ಟೆಲ್ಲ ಕಾದರೂ ನಮ್ಮ ಹಣ ಹೋದದ್ದು ಎಲ್ಲಿ ಅಂದರೆ, ರೋಮಿನ ಒಂದು ಊಟದ ಮೇಜಿನ ಮೇಲೆ. ಬಿಲ್ಲಿನ ಯಂತ್ರ, ಯೂರೋದಲ್ಲಿ ಕೊಡುತ್ತೀರೋ ರೂಪಾಯಿಯಲ್ಲೋ ಅಂತ ಮರ್ಯಾದೆಯಿಂದ ಕೇಳಿತು. ಪರದೇಶದಲ್ಲಿ ರೂಪಾಯಿಯ ಚಿಹ್ನೆ ಕಂಡು ಇವರ ಎದೆ ಉಬ್ಬಿತು, ಪಿನ್ನುಗಳ ಸಮೇತ. ಒತ್ತಿಯೇ ಬಿಟ್ಟರು. ಹಾಗೆ ಒತ್ತಿದರೆ ಯಂತ್ರದ ಕಡೆಯವರು ತಮಗೆ ಬೇಕಾದ ದರ ಹಾಕಿ ತಮ್ಮ ಪಾಲು ಮುರಿದುಕೊಳ್ಳುತ್ತಾರೆ, ಯಾವಾಗಲೂ ಅಲ್ಲಿನ ಹಣವನ್ನೇ ಆರಿಸಬೇಕು ಅಂತ ಮಗಳು ಮೂರು ಸಲ ಮೆಸೇಜ್ ಮಾಡಿದ್ದಳು. ಮಗಳ ಮೆಸೇಜು ಫೈಲಿಗೆ ಹೋಗಿರಲಿಲ್ಲ. ಅದರಲ್ಲಿ ಕಳ್ಳರಿರಲಿಲ್ಲವಲ್ಲ.

ಮೊನ್ನೆ ನಮ್ಮ ಓರಗಿತ್ತಿಯ ಮನೆ ಗೃಹಪ್ರವೇಶ. ನಾವು ಹೊಸ್ತಿಲು ದಾಟುವಷ್ಟರಲ್ಲೇ ದೊಡ್ಡಪ್ಪ, "ಏನು ಹೋಯ್ತಪ್ಪಾ?" ಅಂತ ಆಸೆಯಿಂದ ಕೇಳಿದರು. ಏನೂ ಹೋಗಲಿಲ್ಲ ಅಂದಾಗ ಎಲ್ಲರ ಮುಖ ಇಳಿಯಿತು. ನಾದಿನಿ ಮಾತ್ರ ನಿಶ್ಚಿಂತೆಯಿಂದ ಬಾರ್ಸಿಲೋನಾಕ್ಕೆ ಹೊರಡಲು ಸಿದ್ಧರಾದರು. ಇವರಿಗೆ ತಡೆಯಲಾಗಲಿಲ್ಲ.

"ಹೋಗಲಿಲ್ಲ, ಆದರೆ ಪ್ಯಾರಿಸ್ ಮೆಟ್ರೋದಲ್ಲಿ ನಕಲಿ ಪೊಲೀಸರು ಹಿಡಿದರು. ಆರು ಜನ."

ಇಡೀ ಪಂಕ್ತಿ ಹೋಳಿಗೆ ಬಿಟ್ಟು ಇವರ ಕಡೆ ತಿರುಗಿತು. ಗುರುತಿನ ಚೀಟಿ ಕೇಳಿದ್ದು, ಗಡ್ಡದ ಸುಳ್ಳು ಹಿಡಿದದ್ದು, ಅವರು ರೇಡಿಯೋದಲ್ಲಿ ಸಹಚರರನ್ನು ಕರೆದದ್ದು, ಇವರು ಜಾಕೆಟ್ ಬಿಚ್ಚಿ ನಿಂತ ಕೂಡಲೇ ಅವರು ಹೆದರಿದ್ದು. "ಕೊನೆಗೆ ನನ್ನಿಂದ ಒಂದು ಪೈಸೆ ಕೀಳೋಕೆ ಆಗಲಿಲ್ಲ" ಅಂತ ಮುಗಿಸಿದರು. ನಾದಿನಿಯ ಹಕ್ಕಿ ಹಿಕ್ಕೆಯನ್ನು ಆ ದಿನ ಯಾರೂ ಕೇಳಲಿಲ್ಲ.

"ಹೌದೇನಮ್ಮಾ?" ಅಂತ ದೊಡ್ಡಪ್ಪ ನನ್ನನ್ನು ಕೇಳಿದರು. ಹೌದು ದೊಡ್ಡಪ್ಪ, ಇವರಿಂದ ಒಂದು ಪೈಸೆಯೂ ಹೋಗಲಿಲ್ಲ ಅಂದೆ. ಸುಳ್ಳೇನಲ್ಲ. ದಂಡದ ರಸೀದಿ ನನ್ನ ಹತ್ತಿರ ಇದೆ, ಎಲ್ಲಿಟ್ಟಿದ್ದೇನೆ ಅಂತ ಇವರಿಗೆ ಹೇಳಿಲ್ಲ.